ಅಮ್ಮನ ಬೆನ್ನೊಳಗಿನ ಗಡ್ಡೆ

ಪ್ರಶ್ನೆ: ಅಮ್ಮನಿಗೆ 54 ವರ್ಷ. ರಾತ್ರಿ ಮಲಗಿದರೆ ಸೊಂಟದಿಂದ ತೊಡೆಯವರೆಗೆ ನೋವು, ಎದ್ದು ಓಡಾಡಿದರೆ ಕಮ್ಮಿ. ಎಂ.ಆರ್.ಐ.ಯಲ್ಲಿ ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿ ‘ಶ್ವಾನೋಮಾ’ ಗಡ್ಡೆ ಕಂಡಿದೆ. ಕ್ಯಾನ್ಸರ್‌ನಂತೆ ಕಾಣುತ್ತಿಲ್ಲ, ಕೀಹೋಲ್‌ನಲ್ಲಿ ತೆಗೆಯಬಹುದು ಎಂದಿದ್ದಾರೆ ಡಾಕ್ಟರು. ದೊಡ್ಡಮ್ಮ ಮಾತ್ರ ‘ಬೆನ್ನಿನ ಆಪರೇಷನ್ ಆದವರು ಎದ್ದು ನಡೆದದ್ದುಂಟೇ?’ ಎನ್ನುತ್ತಾರೆ. ಅಮ್ಮ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ದೊಡ್ಡಮ್ಮನವರ ಮೇಲೆ ಸಿಟ್ಟಾಗಬೇಡಿ. ಎಂ.ಆರ್.ಐ. ಇಲ್ಲದ ಕಾಲದಲ್ಲಿ ಇಂಥ ಗಡ್ಡೆ ಎಷ್ಟೋ ಸಲ ಪತ್ತೆಯಾಗುತ್ತಿದ್ದುದೇ ಕಾಲು ಸೋತ ಮೇಲೆ. ಹೋದ ಬಲ ಪೂರ್ತಿ ಮರಳದಿದ್ದಾಗ ಅಪವಾದ ಆಪರೇಷನ್ ಮೇಲೆ ಬರುತ್ತಿತ್ತು.

ಶ್ವಾನೋಮಾ ನರದ ಹೊದಿಕೆಯಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ ಗಡ್ಡೆ. ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಒಂದನೇ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅಮ್ಮನ ಗಡ್ಡೆ ಇರುವುದು ಅದರ ಕೆಳಗೆ, ನರಗಳ ಗೊಂಚಲಿನಲ್ಲಿ. ಹಾಗಾಗಿ ‘ಹುರಿಗೇ ಪೆಟ್ಟು’ ಎಂಬ ಭಯ ಇಲ್ಲಿ ಬೇಡ. ಹಾಗಂತ ಹಗುರವಾಗಿ ನೋಡುವಂತೆಯೂ ಇಲ್ಲ, ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ಅಲ್ಲೇ ಇವೆ.

ಕೀಹೋಲ್ ಎಂದರೆ ಸುಮಾರು ಒಂದಂಗುಲದ ಗಾಯ. ಸ್ನಾಯುಗಳನ್ನು ಬಿಡಿಸಿ ತೆಗೆಯದೆ, ಪಕ್ಕಕ್ಕೆ ಸರಿಸಿ ಕೊಳವೆ ಇಳಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಮೂಳೆಯ ಒಂದು ಪಕ್ಕವನ್ನಷ್ಟೇ ತುಸು ಕೊರೆದು, ಪೊರೆ ಸೀಳಿ ಗಡ್ಡೆ ಬಿಡಿಸುತ್ತಾರೆ. ರಕ್ತ ಕಮ್ಮಿ ಹೋಗುತ್ತದೆ, ಬೇಗ ಎದ್ದು ಓಡಾಡಬಹುದು. ಆದರೆ ಚಿಕ್ಕದಾಗುವುದು ದಾರಿ ಮಾತ್ರ, ಒಳಗಿನ ಕೆಲಸ ಅಷ್ಟೇ ಸೂಕ್ಷ್ಮ. ಗಡ್ಡೆ ಹಲವು ಮೂಳೆಗಳ ಉದ್ದಕ್ಕೂ ಇದ್ದರೆ ದೊಡ್ಡದಾಗಿ ತೆರೆಯುವುದೇ ಲೇಸಾಗಬಹುದು. ಗಾಯ ಚಿಕ್ಕದಿರಲಿ ಎಂದು ಪಟ್ಟು ಹಿಡಿದು ಅರ್ಧ ಗಡ್ಡೆ ಒಳಗೇ ಉಳಿದರೆ ಏನು ಬಂತು?

ಆದ್ದರಿಂದ ಡಾಕ್ಟರನ್ನು ಕೇಳಬೇಕಾದ್ದು ಬೇರೆ. ಪೂರ್ತಿ ತೆಗೆಯಲಾದೀತೇ? ಆಪರೇಷನ್ ವೇಳೆ ನರಗಳ ಸಂಕೇತ ಗಮನಿಸುವ ಯಂತ್ರ ಇರುತ್ತದೆಯೇ? ಗಡ್ಡೆ ಹುಟ್ಟಿದ ನರದೆಳೆಯನ್ನೇ ಕತ್ತರಿಸಬೇಕಾಗಿ ಬಂದರೆ? (ಬಹಳಷ್ಟು ಸಲ ಅದರಿಂದ ದೊಡ್ಡ ನಷ್ಟವಾಗುವುದಿಲ್ಲ, ಆದರೂ ಮೊದಲೇ ಕೇಳಿಕೊಳ್ಳಿ.) ಪೊರೆಯೊಳಗಿನ ದ್ರವ ಸೋರಿದರೆ? ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯಿರಿ. ಗಡ್ಡೆಯ ಜಾತಿ ಖಚಿತವಾಗುವುದು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ.

ಈ ಮಾತುಕತೆಗೆ ಅಮ್ಮನನ್ನೂ ಕೂರಿಸಿಕೊಳ್ಳಿ. ಮನೆಯವರ ಪಿಸುಮಾತೇ ಅವರ ಹೊಟ್ಟೆಗೆ ಅನ್ನ ಇಳಿಯದಂತೆ ಮಾಡಿರಬಹುದು.

ತಾರೀಖು ಗೊತ್ತುಮಾಡಲು ಯೋಚಿಸುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಆದರೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ, ಕೂರುವ ಭಾಗ ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.