ಮಾದರಿ ವಿಮಾನದ ಗ್ಲೋ ಎಂಜಿನ್: ಹದವೂ ದೋಷಪರಿಹಾರವೂ

ಮಾದರಿ ವಿಮಾನದ ಪುಟ್ಟ ಗ್ಲೋ ಎಂಜಿನ್ನಿಗೆ ಮೆಥನಾಲೇ ಮುಖ್ಯ ಇಂಧನ. ಅದರಲ್ಲಿ ಬೆರೆಸಿದ ಹರಳೆಣ್ಣೆಯೇ ಕೀಲೆಣ್ಣೆ. ಪ್ಲಗ್ಗಿನ ಪ್ಲಾಟಿನಂ ತಂತಿಯನ್ನು ಮೊದಲು ಬ್ಯಾಟರಿ ಕಾಯಿಸುತ್ತದೆ. ಅನಂತರ ದಹನದ ಶಾಖವೇ ಅದನ್ನು ಕೆಂಪಗಿರಿಸುತ್ತದೆ. ಬ್ಯಾಟರಿ ಕಳಚಿದೊಡನೆ ಎಂಜಿನ್ ನಿಂತರೆ ಪ್ಲಗ್ ಕೆಟ್ಟಿರಬೇಕು, ಇಲ್ಲವೆ ಇಂಧನ ಅತಿಯಾಗಿರಬೇಕು. ಸದ್ದು ಏರಿ ಥಟ್ಟನೆ ಅಡಗಿದರೆ ಇಂಧನ ಸಾಲದು. ಪ್ರೊಪೆಲ್ಲರಿನ ಹಿಂದೆ ನಿಂತು ಸೂಜಿ ತಿರುಪನ್ನು ತುಸು ಸಡಿಲಿಸಬೇಕು.

ಅತಿವೇಗದ ನಾದಕ್ಕೆ ಮರುಳಾಗಬಾರದು. ಇಂಧನದೊಡನೆ ಎಣ್ಣೆಯೂ ಕಡಮೆಯಾಗಿ ಪಿಸ್ಟನ್ ಸವೆಯುತ್ತದೆ. ಗರಿಷ್ಠ ವೇಗವನ್ನು ಕಂಡು, ಅಲ್ಲಿಂದ ಇಂಧನವನ್ನು ಕೊಂಚ ಹೆಚ್ಚಿಸಿ, ವಿಮಾನದ ಮೂತಿಯನ್ನು ಮೇಲೆತ್ತಿ ಹಿಡಿಯಬೇಕು. ಆಗಲೂ ವೇಗ ಕುಗ್ಗದಿದ್ದರೆ ಹದ ಸರಿ. ಚಾಮರಾಜನಗರದಲ್ಲಿ ಕೂಡಿಸಿದ ಹದವನ್ನು ಅದಕ್ಕಿಂತ ಎತ್ತರದ ಗುಂಡ್ಲುಪೇಟೆಯಲ್ಲಿ ಮರಳಿ ಪರೀಕ್ಷಿಸಬೇಕು. ಗಾಳಿ ವಿರಳವಾದಷ್ಟೂ ಇಂಧನ ಕಡಮೆ ಸಾಕು. ಮಿತವನ್ನರಿತ ಕೈಯಿಂದಲೇ ಎಂಜಿನ್ನಿಗೆ ದೀರ್ಘಾಯುಸ್ಸು.