ತೀರಿದ ಸಾಲವೂ ಸಿಬಿಲ್ ವರದಿಯೂ



ಸಾಲ ತೀರಿಸಿದ ದಿನವೇ ಉತಾರದ ಮೇಲಿನ ಬೋಜಾ ಇಳಿಯುವುದಿಲ್ಲ ಎಂಬುದು ನಮ್ಮ ದುಂಡಸಿ ಹೋಬಳಿಯ ಯಾವ ರೈತನಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹಣ ಕಟ್ಟಬೇಕು, ಬೇಬಾಕಿ ಪತ್ರ ಪಡೆಯಬೇಕು, ಅರ್ಜಿ ಕೊಡಬೇಕು, ಆಮೇಲೆ ಹೊಸ ಉತಾರ ತೆಗೆಸಿ 11ನೆಯ ಕಾಲಮ್ಮನ್ನು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ನಮಗೆ ಸಮಾಧಾನವಿಲ್ಲ. ಉತಾರದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು, ನಮ್ಮ ಹೆಸರಿನಲ್ಲಿ ತಿಂಗಳು ತಿಂಗಳೂ ಬೆಳೆಯುತ್ತಿರುವ ಇನ್ನೊಂದು ಉತಾರವನ್ನು ಮಾತ್ರ ತೆರೆದು ನೋಡಿದವರಲ್ಲ. ಅದೇ ಪತ್ತಿನ ಮಾಹಿತಿ ವರದಿ. ಜನರ ಬಾಯಲ್ಲಿ ಅದರ ಹೆಸರು ಸಿಬಿಲ್.

ಈ ಲೇಖನ ಬರೆಯಲು ಕಾರಣವಾದದ್ದು ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇವೆ. 2016ರ ಬರಗಾಲದಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ರ್ಯಾಕ್ಟರಿನ ಕಂತು ಕಟ್ಟಲಾಗದೆ ನಾವು ಸುಸ್ತಿದಾರರಾದೆವು. ಎರಡು ವರ್ಷದ ಮೇಲೆ ಸಾಲ ಕೊಟ್ಟವರೇ ಕರೆದು, 2,40,000 ರೂಪಾಯಿ ಬಾಕಿಯಲ್ಲಿ 1,80,000 ಕಟ್ಟಿದರೆ ಲೆಕ್ಕ ಮುಗಿಸುತ್ತೇವೆ ಎಂದರು. ಕಟ್ಟಿದೆವು. ಅರವತ್ತು ಸಾವಿರ ಉಳಿಯಿತೆಂದು ಹಿಗ್ಗಿ, ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು, ಅಂಥ ಅವಕಾಶ ಬಂದರೆ ಬಿಡಬೇಡಿರೆಂದು ಸದಸ್ಯರಿಗೂ ಹೇಳಿದೆವು. ಪದವೀಧರ ಕಾರ್ಯದರ್ಶಿ ಹೇಳಿದ ಮಾತೆಂದು ಕೆಲವರು ನಂಬಿದರು.

ಹಾಗೆ ನಂಬಿದವರಲ್ಲೊಬ್ಬರು ತಮ್ಮ ಮಗಳ ಇಂಜನಿಯರಿಂಗ್ ಓದಿಗೆ ಶಿಕ್ಷಣ ಸಾಲ ಕೇಳಲು ಹೋದರು. ಶಿಕ್ಷಣ ಸಾಲದಲ್ಲಿ ತಂದೆ ಸಹ-ಸಾಲಗಾರ. ತಂದೆಯ ವರದಿ ತೆಗೆದು ನೋಡಿದಾಗ ಹಳೆಯ ಸಾಲದ ಮುಂದೆ 'ಸೆಟಲ್ಡ್' ಎಂದು ಬರೆದಿತ್ತು. ಅರ್ಜಿ ಅಲ್ಲಿಗೇ ನಿಂತಿತು. ಅವರು ನಮ್ಮ ಕಚೇರಿಗೆ ಬಂದು, "ಸಾಹೇಬ್ರ, ನೀವು ಸಾಲ ಮುಗೀತು ಅಂದಿದ್ರಲ್ಲ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ದಿನ ಸಂಜೆ ನಮ್ಮ ವರದಿಯನ್ನೂ ತೆಗೆಸಿದೆವು. ಅಲ್ಲಿಯೂ ಅದೇ ಶಬ್ದ ಕುಳಿತಿತ್ತು.

ಇನ್ನು ವಿಷಯಕ್ಕೆ ಬರೋಣ.

1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅಂಕಗಳ ಗೊಡವೆಯಿರಲಿಲ್ಲ. ಯಾರ ಕೈ ಶುದ್ಧ, ಯಾರಿಗೆ ಮಳೆ ಕೈಕೊಟ್ಟಿತು, ಯಾರು ಬೇಕೆಂದೇ ಸತಾಯಿಸುತ್ತಾರೆ ಎಂಬುದು ಊರ ಕಟ್ಟೆಗೇ ಗೊತ್ತು. ಈಗ ಸಾಲ ಕೊಡುವವರು ಹುಬ್ಬಳ್ಳಿಯಲ್ಲೋ ಮುಂಬಯಿಯಲ್ಲೋ ಕುಳಿತಿರುತ್ತಾರೆ. ಅವರಿಗೆ ನಮ್ಮ ಕಟ್ಟೆಯ ಮಾತು ಕೇಳಿಸುವುದಿಲ್ಲ. ಆದುದರಿಂದ 2000ದಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿತು. 2005ರಲ್ಲಿ ಪತ್ತಿನ ಮಾಹಿತಿ ಕಂಪನಿಗಳ ಕಾಯದೆ ಬಂತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂದು ಇಂಥ ನಾಲ್ಕು ಕಂಪನಿಗಳಿವೆ. ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ನಮ್ಮ ಲೆಕ್ಕವನ್ನು ಇವಕ್ಕೆ ಕಳುಹಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಲೆಕ್ಕ 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಹೋಗಬೇಕೆಂದು ರಿಜರ್ವ್ ಬ್ಯಾಂಕು ವಿಧಿಸಿತು. ಕಂಪನಿಗಳು ಇದನ್ನೆಲ್ಲ ಕೂಡಿಸಿ 300ರಿಂದ 900ರ ಒಳಗೆ ಒಂದು ಅಂಕ ಕೊಡುತ್ತವೆ.

ಅಂಕದ ಮೇಲೆಯೇ ಎಲ್ಲರ ಕಣ್ಣು. ನಮ್ಮ ಅಭಿಪ್ರಾಯದಲ್ಲಿ ಅದು ಎರಡನೆಯ ಮಾತು. ಅಂಕವೆಂಬುದು ಕಿರ್ದಿಯ ಕೆಳಗೆ ಬರೆದ ಮೊತ್ತವಿದ್ದಂತೆ. ಮೊತ್ತ ತಪ್ಪೆನಿಸಿದರೆ ಮೇಲಿನ ಕಲಮುಗಳನ್ನು ಒಂದೊಂದಾಗಿ ತಾಳೆ ನೋಡಬೇಕೇ ಹೊರತು ಮೊತ್ತದೊಡನೆ ಜಗಳವಾಡಿ ಉಪಯೋಗವಿಲ್ಲ. ಕಂಪನಿಯವರೂ ಅಂಕದ ಬಗೆಗಿನ ತಕರಾರನ್ನು ತೆಗೆದುಕೊಳ್ಳುವುದಿಲ್ಲ, ನಮೂದಿನ ಬಗೆಗಿನ ತಕರಾರನ್ನು ಮಾತ್ರ ತೆಗೆದುಕೊಳ್ಳುತ್ತಾರೆ.

ವರದಿಯಲ್ಲಿ ಪ್ರತಿ ಸಾಲಕ್ಕೂ ಒಂದು ಖಾನೆಯಿದೆ. ಅದರಲ್ಲಿ ಮೂರು ವರ್ಷದವರೆಗಿನ ತಿಂಗಳುಗಳು ಸಾಲಾಗಿ ಇರುತ್ತವೆ, ಪ್ರತಿ ತಿಂಗಳ ಕೆಳಗೆ ಮುದ್ದತ್ತು ಮೀರಿದ ದಿನಗಳ ಸಂಖ್ಯೆ. ಮೂರು ಸೊನ್ನೆಯಿದ್ದರೆ ವೇಳೆಗೆ ಕಟ್ಟಿದ್ದೀರಿ, 030 ಎಂದರೆ ಮೂವತ್ತು ದಿನ ತಡ. ಮೂರು ಗುಣಾಕಾರದ ಚಿಹ್ನೆ ಕಂಡು ಕೆಲವರು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ, ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳುಹಿಸಿಲ್ಲವೆಂದಷ್ಟೇ ಅರ್ಥ.

ಮುಗಿದ ಖಾತೆಗಳ ವಿಷಯದಲ್ಲಿಯೇ ಹೆಚ್ಚು ತಪ್ಪು ತಿಳಿವಳಿಕೆಯಿದೆ. ಸಾಲ ತೀರಿದರೆ ಅದು ವರದಿಯಿಂದ ಅಳಿಸಿಹೋಗುತ್ತದೆ, ಅಳಿಸಿಹೋಗಬೇಕು ಎಂದು ನಮ್ಮವರು ತಿಳಿದಿದ್ದಾರೆ. ಹಾಗಲ್ಲ. ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ವೇಳೆಗೆ ಕಟ್ಟಿ ಮುಗಿಸಿದ ಸಾಲ 'ಕ್ಲೋಸ್ಡ್' ಎಂದು ಉಳಿದರೆ ಅದು ನಿಮ್ಮ ಪರವಾದ ಸಾಕ್ಷಿ. ಅದನ್ನು ತೆಗೆಸಿಹಾಕಲು ಅರ್ಜಿ ಕೊಟ್ಟ ಸದಸ್ಯರೊಬ್ಬರನ್ನು ನಾವು ಬಲ್ಲೆವು. ಒಳ್ಳೆಯ ನಡತೆಯ ಸರ್ಟಿಫಿಕೇಟನ್ನು ತಾವೇ ಹರಿದಂತೆ!

ಆದರೆ ಮುಗಿದದ್ದೆಲ್ಲವೂ 'ಕ್ಲೋಸ್ಡ್' ಅಲ್ಲ. ಪೂರ್ತಿ ಹಣ ಬಂದು ಲೆಕ್ಕ ಚುಕ್ತಾ ಆದದ್ದು 'ಕ್ಲೋಸ್ಡ್'. ಸ್ವಲ್ಪ ಬಿಟ್ಟು ಸ್ವಲ್ಪ ಪಡೆದು ರಾಜಿಯಲ್ಲಿ ಮುಗಿಸಿದ್ದು 'ಸೆಟಲ್ಡ್'. ವಸೂಲಾಗದೆಂದು ಬ್ಯಾಂಕು ತನ್ನ ಪುಸ್ತಕದಲ್ಲಿ ಹೊಡೆದುಹಾಕಿದ್ದು 'ರಿಟನ್ ಆಫ್'. ಈ ಮೂರನೆಯದರಲ್ಲಿ ಸಾಲಗಾರನ ಬಾಧ್ಯತೆ ಮುಗಿದಿರುವುದೇ ಇಲ್ಲ. ಬ್ಯಾಂಕು ತನ್ನ ಲೆಕ್ಕದ ಅನುಕೂಲಕ್ಕೆ ಹಾಗೆ ಬರೆದುಕೊಂಡಿರುತ್ತದೆ, ವಸೂಲಿಗೆ ಮತ್ತೆ ಬರಬಹುದು. ನಮಗೆ ಮೂರೂ 'ಸಾಲ ಮುಗಿಯಿತು' ಎಂದೇ ಕೇಳಿಸುತ್ತವೆ. ಮುಂದೆ ಸಾಲ ಕೊಡಬೇಕಾದವನಿಗೆ ಮೊದಲನೆಯದು ಭರವಸೆ, ಎರಡನೆಯದು ಅನುಮಾನ, ಮೂರನೆಯದು ಅಪಾಯ.

ಹಾಗಾದರೆ ಒಂದೇ ಕಂತಿನ ರಾಜಿ ತಪ್ಪೇ? ತಪ್ಪೆಂದು ನಾವು ಹೇಳಲಾರೆವು. ಬಡ್ಡಿ ಅಸಲನ್ನು ಮೀರಿ ನಿಂತಾಗ, ತೋಟ ಹರಾಜಿಗೆ ಬಂದಾಗ ರಾಜಿಯೇ ದಾರಿ. ಆದರೆ ಸಹಿ ಹಾಕುವ ಮೊದಲು ವರದಿಯಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಾವು ಕೇಳಲಿಲ್ಲ. ಕೊನೆಗೆ ಕಳೆದ ಕೊನೆಕೊಯ್ಲಿನ ಹಣದಲ್ಲಿ ಬಿಟ್ಟಿದ್ದ ಆ ಅರವತ್ತು ಸಾವಿರವನ್ನು ಕಟ್ಟಲು ಸಿದ್ಧರೆಂದು ಬರೆದೆವು. ಅವರು ಒಪ್ಪಿ, ಪಡೆದು, ಬೇಬಾಕಿ ಪತ್ರ ಕೊಟ್ಟು, ನಮೂದನ್ನು 'ಕ್ಲೋಸ್ಡ್' ಎಂದು ಬದಲಿಸಿದರು. ಹಳೆಯ ತಿಂಗಳುಗಳ ಸುಸ್ತಿ ಮಾತ್ರ ಹಾಗೆಯೇ ಇದೆ. ಅದು ನಿಜವಾಗಿ ಆದದ್ದು, ಇರಲೇಬೇಕು. ಮಗಳ ಸಾಲಕ್ಕೆ ಹೋಗಿದ್ದ ಸದಸ್ಯರೂ ಇದೇ ದಾರಿ ಹಿಡಿದರು. ಆದರೆ ಮೊದಲ ವರ್ಷದ ಫೀಸನ್ನು ಅವರು ಅಡಿಕೆ ಫಸಲಿನ ಮುಂಗಡ ತಂದು ಕಟ್ಟಬೇಕಾಯಿತು. ಆ ಭಾರದಲ್ಲಿ ನಮ್ಮ ಪಾಲೂ ಇದೆ.

ಸಾಲಮನ್ನಾದ ಪ್ರಶ್ನೆಯನ್ನು ಅನೇಕರು ಕೇಳಿದ್ದಾರೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಹಕಾರಿ ಬೆಳೆಸಾಲದಲ್ಲಿ 50 ಸಾವಿರ ರೂಪಾಯಿವರೆಗೆ ಮನ್ನಾ ಆಯಿತು. 2018ರಲ್ಲಿ ಬ್ಯಾಂಕುಗಳ ಬೆಳೆಸಾಲಕ್ಕೂ ಮನ್ನಾ ಘೋಷಣೆಯಾಯಿತು. ಮನ್ನಾದ ಹಣ ಸರಕಾರದಿಂದ ಬಂದು ಖಾತೆಗೆ ಜಮೆಯಾಗಿದ್ದರೆ ಬ್ಯಾಂಕಿಗೆ ನಷ್ಟವೇನೂ ಇಲ್ಲ. ಆದುದರಿಂದ ಅಂಥ ಖಾತೆಯನ್ನು ರಾಜಿಯೆಂದೋ ವಜಾ ಎಂದೋ ತೋರಿಸಿದ್ದರೆ, ಮನ್ನಾ ಪತ್ರ ಹಚ್ಚಿ ತಕರಾರು ಮಾಡುವುದು ಯೋಗ್ಯವೆಂದು ನಮ್ಮ ಮತ. ಖಾತೆಯಲ್ಲಿ ಮನ್ನಾಕ್ಕಿಂತ ಹೆಚ್ಚಿನ ಬಾಕಿ ಉಳಿದಿತ್ತೇ ಎಂಬುದನ್ನು ಮೊದಲು ನೋಡಿಕೊಳ್ಳಿರಿ.

ಪೇಟೆಯಲ್ಲಿ ನೌಕರಿಯಲ್ಲಿರುವ ಮಕ್ಕಳಿಗಾಗಿ ಒಂದು ಮಾತು. ಬೇಡದ ಕ್ರೆಡಿಟ್ ಕಾರ್ಡನ್ನು ಮುಚ್ಚಿದರೆ ಅಂಕ ಏರುತ್ತದೆಂದು ಅವರು ತಿಳಿಯುತ್ತಾರೆ. ಒಂದು ಲಕ್ಷದ ಮಿತಿಯ ಹಳೆಯ ಕಾರ್ಡು, 50 ಸಾವಿರದ ಮಿತಿಯ ಹೊಸ ಕಾರ್ಡು ಇವೆಯೆನ್ನಿ. ಹೊಸದರಲ್ಲಿ 45 ಸಾವಿರ ಬಳಸಿದ್ದಾರೆ. ಒಟ್ಟು ಮಿತಿಯಲ್ಲಿ ಬಳಕೆ ನೂರಕ್ಕೆ ಮೂವತ್ತು. ಹಳೆಯದನ್ನು ಮುಚ್ಚಿದ ಮರುದಿನ ಅದೇ 45 ಸಾವಿರ ನೂರಕ್ಕೆ ತೊಂಬತ್ತಾಗುತ್ತದೆ. ಒಂದು ಪೈಸೆ ಹೆಚ್ಚು ಸಾಲ ಮಾಡದೆಯೇ ಅಂಕ ಇಳಿಯಬಹುದು. ಮೊದಲು ಬಾಕಿ ತೀರಿಸಿ ಆಮೇಲೆ ಮುಚ್ಚುವುದು ಲೇಸು.

ಈಗ ತಕರಾರಿನ ಕ್ರಮ. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು, ಅಂಕದ ಸಹಿತ, ಪುಕ್ಕಟೆ ಪಡೆಯುವ ಹಕ್ಕು 2017ರಿಂದ ನಮಗಿದೆ. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುವುದಿಲ್ಲ. ಸಾಲಕ್ಕೆಂದು ಹತ್ತು ಕಡೆ ಅರ್ಜಿ ಹಾಕಿದರೆ ಇಳಿದೀತು. ವರದಿ ಬಂದ ಮೇಲೆ ಮೊದಲು ಹೆಸರು, ಜನ್ಮದಿನಾಂಕ, ಪ್ಯಾನ್ ಸಂಖ್ಯೆ ನೋಡಿರಿ. ನಮ್ಮ ಭಾಗದಲ್ಲಿ ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ನಾಲ್ವರಿರುವುದು ಅಪರೂಪವಲ್ಲ, ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರುವುದೂ ಉಂಟು. ಆಮೇಲೆ ನೀವು ತೆಗೆಯದ ಸಾಲ ಇದೆಯೇ, ಜಾಮೀನು ನಿಂತದ್ದು ಯಾವುದು ಎಂದು ನೋಡಿರಿ. ಬೇರೆಯವರಿಗೆ ಜಾಮೀನು ಬಿದ್ದ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ, ಅವರು ತಪ್ಪಿದ ಕಂತಿನ ಕಲೆ ನಿಮಗೂ ತಗಲುತ್ತದೆ.

ಬ್ಯಾಂಕುಗಳ ವಿಲೀನದ ನಂತರ ವಿಶೇಷ ಎಚ್ಚರ ಬೇಕು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಇಂಥ ಬದಲಾವಣೆಯಲ್ಲಿ ಖಾತೆಯ ಸಂಖ್ಯೆ ಬದಲಾದರೆ ಒಂದೇ ಸಾಲ ಹಳೆಯ ಹೆಸರಿನಲ್ಲೊಮ್ಮೆ, ಹೊಸ ಹೆಸರಿನಲ್ಲೊಮ್ಮೆ ಕಾಣಿಸಿಕೊಳ್ಳಬಹುದು.

ನಮ್ಮ ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ಯಾವ ಬ್ಯಾಂಕೆಂಬುದು ಇಲ್ಲಿ ಬೇಡ. ತೀರಿಸಿ ವರ್ಷಗಳಾಗಿದ್ದ ಪಂಪ್‌ಸೆಟ್ ಸಾಲ ಹೊಸ ಹೆಸರಿನಡಿ ಬಾಕಿಯೆಂದು ನಿಂತಿತ್ತು. ಅವರು ಕಂಪನಿಗೆ ತಕರಾರು ಕಳುಹಿಸಿದರು. ಬ್ಯಾಂಕಿನವರು ಮಾಹಿತಿ ಸರಿಯಿದೆ ಎನ್ನುತ್ತಾರೆ ಎಂಬ ಉತ್ತರ ಬಂತು. ಇಲ್ಲಿ ತಿಳಿಯಬೇಕಾದ ಮಾತೆಂದರೆ, ಕಂಪನಿ ತಾನಾಗಿ ಏನನ್ನೂ ತಿದ್ದಲಾರದು. ತಕರಾರನ್ನು ಸಾಲ ಕೊಟ್ಟವರಿಗೆ ಕಳುಹಿಸಿ, ಅವರು ಒಪ್ಪಿದರೆ ಮಾತ್ರ ಬದಲಿಸುತ್ತದೆ. ಆದುದರಿಂದ ಎರಡನೆಯ ಸಲ ನಾವು ಬೇಬಾಕಿ ಪತ್ರ, ಕೊನೆಯ ಕಂತಿನ ಪಾವತಿ, ವರದಿಯ ಆ ಪುಟ ಮೂರನ್ನೂ ಹಚ್ಚಿ, ವರದಿಯ ಮೇಲಿನ ನಿಯಂತ್ರಣ ಸಂಖ್ಯೆ ಬರೆದು, ಕಂಪನಿಗೂ ಶಾಖೆಗೂ ಒಂದೇ ದಿನ ಅರ್ಜಿ ಕೊಡಿಸಿದೆವು. ಶಾಖೆಯ ಪ್ರತಿಯ ಮೇಲೆ ತಾರೀಖಿನ ಸಹಿತ ಸಿಕ್ಕೆ ಹಾಕಿಸಿಕೊಂಡೆವು.

ಆ ಸಿಕ್ಕೆಯೇ ಮುಂದೆ ಕೆಲಸಕ್ಕೆ ಬಂತು. ರಿಜರ್ವ್ ಬ್ಯಾಂಕಿನ 2023ರ ಅಕ್ಟೋಬರ 26ರ ಸುತ್ತೋಲೆಯ ಪ್ರಕಾರ ತಕರಾರು ಮೂವತ್ತು ದಿನದಲ್ಲಿ ಬಗೆಹರಿಯಬೇಕು. ಮೀರಿದ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ ಅರ್ಜಿದಾರನಿಗೆ ಸಲ್ಲಬೇಕು. 2024ರ ಏಪ್ರಿಲಿನಿಂದ ಇದು ಜಾರಿಯಲ್ಲಿದೆ. ಬ್ಯಾಂಕು ಇಪ್ಪತ್ತೊಂದು ದಿನದೊಳಗೆ ಸರಿಯಾದ ಮಾಹಿತಿ ಕಳುಹಿಸದಿದ್ದರೆ ಹೊರೆ ಬ್ಯಾಂಕಿನದು, ಕಳುಹಿಸಿದ ಮೇಲೂ ಕಂಪನಿ ತಡೆದರೆ ಹೊರೆ ಕಂಪನಿಯದು. ನಮ್ಮ ಸದಸ್ಯರ ನಮೂದು ನಲವತ್ತೊಂದನೆಯ ದಿನ ಸರಿಯಾಯಿತು, 1,100 ರೂಪಾಯಿ ಖಾತೆಗೆ ಬಂತು. ಹಣಕ್ಕಿಂತ ಮಿಗಿಲಾಗಿ, ಹನಿ ನೀರಾವರಿಗೆ ಕೇಳಿದ್ದ ಸಾಲದ ಕಡತ ಮುಂದೆ ಸರಿಯಿತು.

ಮೂವತ್ತು ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. 2022ರ ಸೆಪ್ಟೆಂಬರಿನಿಂದ ಪತ್ತಿನ ಮಾಹಿತಿ ಕಂಪನಿಗಳೂ ಲೋಕಪಾಲರ ವ್ಯಾಪ್ತಿಗೆ ಬಂದಿವೆ. ಅಲ್ಲಿ ವಕೀಲರು ಬೇಡ, ಫೀಸಿಲ್ಲ.

ಹುಬ್ಬಳ್ಳಿಯಲ್ಲಿ ಒಬ್ಬಾತ ಎಂಟು ಸಾವಿರ ಕೊಟ್ಟರೆ ಸಿಬಿಲ್ ತೊಳೆದುಕೊಡುತ್ತೇನೆ ಎಂದು ನಮ್ಮ ಇಬ್ಬರು ಸದಸ್ಯರಿಂದ ಮುಂಗಡ ಪಡೆದಿದ್ದಾನೆಂದು ಕೇಳಿದ್ದೇವೆ. ನಿಜವಾದ ಸುಸ್ತಿಯನ್ನು ಯಾರೂ ಅಳಿಸಲಾರರು, ಸುಳ್ಳು ನಮೂದನ್ನು ನೀವೇ ಪುಕ್ಕಟೆ ತಿದ್ದಿಸಬಲ್ಲಿರಿ. ಆತನಿಗೆ ಪ್ಯಾನ್, ಆಧಾರ್ ನಕಲು ಕೊಟ್ಟವರಂತೂ ಆರು ತಿಂಗಳಿಗೊಮ್ಮೆ ವರದಿ ತೆಗೆಸಿ ನೋಡುವುದು ಅಗತ್ಯ.

ತಕರಾರಿನ ನಮೂನೆ ಅರ್ಜಿಯನ್ನು ಕನ್ನಡದಲ್ಲಿ ತಯಾರಿಸಿ ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಬೇಬಾಕಿ ಪತ್ರ, ಪಾಸ್‌ಬುಕ್ಕು, ಒಟಿಪಿ ಬರುವ ಫೋನು ಇವನ್ನು ತಂದರೆ ವರದಿ ತೆಗೆದು ಓದಿ ಹೇಳುತ್ತೇವೆ. ರಾಜಿಯಲ್ಲಿ ಸಾಲ ಮುಗಿಸಿದವರು, ಅದರಲ್ಲೂ ಆ ಸಭೆಯಲ್ಲಿ ನಮ್ಮ ಮಾತು ಕೇಳಿ ಮುಗಿಸಿದವರು, ದಯವಿಟ್ಟು ಮೊದಲು ಬರಬೇಕು.