ಸಾಕುಮೊಲಗಳ ಬಣ್ಣವೂ ತಳಿಯ ಆಯ್ಕೆಯೂ

ಮಾಗಳ ಮುಂತಾದ ಗ್ರಾಮಗಳಲ್ಲಿ ಮೊಲ ಸಾಕುವವರು, ಕಪ್ಪು ಜೋಡಿಗೆ ಕೆಂಗಣ್ಣಿನ ಬಿಳಿಯ ಮರಿ ಹುಟ್ಟಿದರೆ ತಳಿ ಕೆಟ್ಟಿತೆಂದು ಭಾವಿಸಬಾರದು. ಪ್ರತಿಯೊಂದು ಮರಿಯೂ ಬಣ್ಣದ ಅಂಶವನ್ನು ತಂದೆಯಿಂದೊಂದು, ತಾಯಿಯಿಂದೊಂದು ಪಡೆಯುವುದು. ಮೆಂಡೆಲ್ ಪಂಡಿತನು ಬಟಾಣಿ ಗಿಡಗಳಿಂದ ಕಂಡುಕೊಂಡು 1865ರಲ್ಲಿ ತಿಳಿಯಪಡಿಸಿದ ನಿಯಮವೇ ಇದು. ಈ ಬಿಳಿಯ ಅಂಶವು ಒಂದೇ ಇದ್ದರೆ ಅಡಗಿರುವುದು. ಎರಡು ಕೂಡಿದರೆ ಮಾತ್ರ ಹೊರತೋರುವುದು. ಅಡಗಿದ ಅಂಶವುಳ್ಳ ಎರಡು ಕಪ್ಪು ಮೊಲಗಳನ್ನು ಕೂಡಿಸಿದರೆ ಸರಾಸರಿ 4 ಮರಿಗಳಲ್ಲಿ 1 ಬಿಳಿಯದಾಗುವುದು.

ಪರೀಕ್ಷೆಯ ಕ್ರಮ: ಕಪ್ಪು ಗಂಡನ್ನು ಕೆಂಗಣ್ಣಿನ ಬಿಳಿಯ ಹೆಣ್ಣಿನೊಡನೆ ಕೂಡಿಸಿರಿ. ಒಂದೇ ಬಿಳಿಯ ಮರಿ ಹುಟ್ಟಿದರೂ ಗಂಡಿನಲ್ಲಿ ಆ ಅಂಶವುಂಟೆಂಬುದು ನಿಶ್ಚಯ. ಹುಟ್ಟಿದ 7 ಮರಿಗಳೂ ಬಣ್ಣದವಾದರೆ ಅದಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಪರೀಕ್ಷಿಸದೆ “ಶುದ್ಧ ಕಪ್ಪು ತಳಿ” ಎಂದು ಮಾರಿದರೆ ಕೊಂಡವರಿಗೆ ನಷ್ಟ, ಮಾರಿದವರಿಗೆ ಅಪಕೀರ್ತಿ. ಆದುದರಿಂದ ಪ್ರತಿ ಸೂಲಿನ ಮರಿಗಳ ಬಣ್ಣವನ್ನು ತಪ್ಪದೆ ಬರೆದಿಡತಕ್ಕದ್ದು.